₹25,000ಕ್ಕೆ ಕೆಂಪು ವೈನ್: ಈ ಸೆಖೆಯಲ್ಲಿ ಯಾವುದು ಕೊಳ್ಳೋದು, ಯಾವುದು ಎತ್ತಿಡೋದು?

ಮುಲುಂಡ್ ಮೂರನೇ ಮಹಡಿ:
ಬಜೆಟ್ ವರ್ಷಕ್ಕೆ 25,000 ರೂಪಾಯಿ, ಕೆಂಪು ವೈನ್ ಮಾತ್ರ. ಅರ್ಧ ಈಗಲೇ ಕುಡಿಯೋಕೆ, ಇನ್ನರ್ಧ ಐದಾರು ವರ್ಷ ಎತ್ತಿಡೋಕೆ. ನೆಲಮಾಳಿಗೆಯ ಮಾತೇ ಇಲ್ಲ. ಇರೋದು ಪಶ್ಚಿಮಕ್ಕೆ ಮುಖ ಮಾಡಿದ ಹಾಲ್, ರಾತ್ರಿ ಮಾತ್ರ ಎಸಿ ಓಡೋ ಬೆಡ್‌ರೂಮ್, ಬಾತ್‌ರೂಮ್ ಮೇಲೆ ಒಂದು ಲಾಫ್ಟ್. ಪ್ರಶ್ನೆ ಮೂರು. ನಮ್ಮ ದೇಶದ ವೈನ್‌ಗಳಲ್ಲಿ ಇಟ್ಟಷ್ಟೂ ಸುಧಾರಿಸೋದು ಯಾವುದು? ಆಮದು ವೈನ್‌ನಲ್ಲಿ ಕೊಟ್ಟ ದುಡ್ಡಿಗೆ ತಕ್ಕದ್ದು ಯಾವುದು? ವೈನ್ ಫ್ರಿಜ್ ತಗೊಳ್ಳಲೇಬೇಕಾ?

ಬಿರಡೆ:
ಮೂರನೆಯದರಿಂದ ಶುರು ಮಾಡೋಣ, ಯಾಕೆಂದರೆ ಮೊದಲ ಎರಡರ ಉತ್ತರ ಅದರ ಮೇಲೆ ನಿಂತಿದೆ.

ವೈನ್ ಇಡಲು ಬೇಕಾದದ್ದು 12ರಿಂದ 14 ಡಿಗ್ರಿ, 60–70 ಶೇಕಡಾ ತೇವ, ಕತ್ತಲು, ಅಲುಗಾಟ ಇಲ್ಲದ ಜಾಗ. ಮುಂಬೈಯ ವರ್ಷದ ಸರಾಸರಿಯೇ 27 ಡಿಗ್ರಿ ಆಸುಪಾಸು. ಶಾಖ ಹತ್ತು ಡಿಗ್ರಿ ಏರಿದರೆ ಬಾಟಲಿಯೊಳಗಿನ ರಾಸಾಯನಿಕ ಕ್ರಿಯೆಗಳು ಸುಮಾರು ಎರಡು ಪಟ್ಟು ವೇಗವಾಗುತ್ತವೆ. ಆ ಲೆಕ್ಕದಲ್ಲಿ ಆರು ವರ್ಷದ ಹಾದಿಯನ್ನು ನಿಮ್ಮ ಕಪಾಟಿನಲ್ಲಿಟ್ಟ ವೈನ್ ಎರಡೂವರೆ ವರ್ಷದಲ್ಲೇ ಮುಗಿಸುತ್ತದೆ. ಅದನ್ನು ಲಾಭ ಅಂದುಕೊಳ್ಳಬೇಡಿ. ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ. ಹಣ್ಣಿನ ಪರಿಮಳ ಮೊದಲೇ ಆರಿ ಹೋಗುತ್ತದೆ, ಒಗರು ಹಾಗೇ ಉಳಿದಿರುತ್ತದೆ, ಬೇಯಿಸಿದ ಜಾಮ್‌ನ ವಾಸನೆ ಬರುತ್ತದೆ.

ಇನ್ನೊಂದು ತೊಂದರೆ ಹಿಗ್ಗುವಿಕೆ. 20 ಡಿಗ್ರಿಯಲ್ಲಿದ್ದ 750 ಮಿಲಿ ವೈನ್ 40 ಡಿಗ್ರಿಗೆ ಏರಿದರೆ ಐದು ಮಿಲಿಗೂ ಹೆಚ್ಚು ಹಿಗ್ಗುತ್ತದೆ. ಬಿರಡೆಯ ಕೆಳಗಿರುವ ಖಾಲಿ ಜಾಗವೇ ಅಷ್ಟು ಕಡಿಮೆ. ಒತ್ತಡಕ್ಕೆ ಬಿರಡೆ ಮೇಲೆ ಸರಿಯುತ್ತದೆ, ಇಲ್ಲವೇ ಅಂಚಿನಿಂದ ವೈನ್ ಜಿನುಗುತ್ತದೆ. ರಾತ್ರಿ ತಣಿದಾಗ ಅದೇ ದಾರಿಯಲ್ಲಿ ಗಾಳಿ ಒಳಬರುತ್ತದೆ. ಆದ್ದರಿಂದ ರಾತ್ರಿ 24, ಮಧ್ಯಾಹ್ನ 33 ಆಗುವ ನಿಮ್ಮ ಬೆಡ್‌ರೂಮಿಗಿಂತ ಇಡೀ ದಿನ 28 ಇರುವ ಒಳಗೋಡೆಯ ಕಪಾಟೇ ವಾಸಿ. ಲಾಫ್ಟ್ ಎಲ್ಲಕ್ಕಿಂತ ಕೆಟ್ಟ ಜಾಗ. ಬಿಸಿ ಗಾಳಿ ಮೇಲೇ ನಿಲ್ಲುತ್ತದೆ, ಜೊತೆಗೆ ಗೀಸರ್ ಅಲ್ಲೇ ಇರುತ್ತದೆ.

ಫ್ರಿಜ್ ಇಲ್ಲದಿದ್ದರೆ ಎತ್ತಿಡುವ ಯೋಚನೆ ಬಿಡಿ, ಮೂರು ತಿಂಗಳಿಗೆ ಬೇಕಾದಷ್ಟೇ ಕೊಳ್ಳಿ. ಇದು ನನ್ನ ಖಚಿತ ಅಭಿಪ್ರಾಯ.

ದ್ರಾಕ್ಷಿ ಕಡ್ಡಿ, ಪುಣೆ:
ಬಿರಡೆ ಅವರು ಹೇಳಿದ್ದು ಖರೆ. ನಮ್ಮ ದೇಶದ ವೈನಿನ ಮಾತು ನಾ ಹೇಳ್ತೀನಿ.

ನಾಸಿಕ್, ಅಕಲೂಜ್, ನಮ್ಮ ವಿಜಯಪುರ, ಎಲ್ಲಾ ಕಡೆ ಬಳ್ಳಿಗೆ ವರ್ಷಕ್ಕ ಎರಡು ಚಾಟ್ನಿ, ಅಂದ್ರ ಕಡ್ಡಿ ಕತ್ತರಿಸೂದು. ಏಪ್ರಿಲ್ ಚಾಟ್ನಿ ಕಡ್ಡಿ ಬೆಳಸಾಕ, ಸಪ್ಟೆಂಬರ್–ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಕೊಯ್ಲು ಜನವರಿಯಿಂದ ಮಾರ್ಚ್ ತನಕ, ತಡಾ ಆದ್ರ ಏಪ್ರಿಲ್. ಹಿಂಗಾಗಿ ಲೇಬಲ್ ಮ್ಯಾಲೆ 2023 ಅಂತಿದ್ರ ಅದು ಆ ವರ್ಷದ ಸುರುವಿನ ತಿಂಗಳಿನ ಹಣ್ಣು. ಅದೇ 2023 ಬರದಿರೋ ಫ್ರಾನ್ಸಿನ ವೈನಿಗಿಂತ ಆರೇಳು ತಿಂಗಳು ದೊಡ್ಡದು. ಲೆಕ್ಕ ಹಾಕೋ ಮುಂದ ಇದು ನೆನಪಿರ್ಲಿ.

ಯುರೋಪಿನಾಗ ಹಣ್ಣು ಮಾಗೋ ಹೊತ್ತಿಗೆ ಹವಾ ತಣ್ಣಗಾಗ್ತಾ ಹೋಗ್ತದ, ನಮ್ಮಲ್ಲಿ ಉಲ್ಟಾ, ಬಿಸಿಲು ಏರ್ತಾ ಇರ್ತದ. ಸಕ್ಕರಿ ಲಗೂನ ಏರ್ತದ, ಮ್ಯಾಲಿಕ್ ಆಸಿಡ್ ಲಗೂನ ಇಳೀತದ, ಪಿಎಚ್ ಮ್ಯಾಲೆ ಹೋಗ್ತದ (ಪಿಎಚ್ ಏರಿದಷ್ಟೂ ಹುಳಿ ಕಮ್ಮಿ ಅಂತ ತಿಳೀರಿ). ಪಿಎಚ್ ಏರಿದ್ರ ಬರೇ ರುಚಿ ಸಪ್ಪಗಾಗೋದಲ್ಲ. ವೈನ್ ಕಾಯೋ ಸಲ್ಫರ್ ಡೈಆಕ್ಸೈಡಿನ ಶಕ್ತಿನೂ ಕುಗ್ತದ. 3.4 ಪಿಎಚ್‌ಗೆ ಎಷ್ಟು ಸಾಕಾಗ್ತದೋ, 3.8ಕ್ಕ ಅದರ ಎರಡೂವರಿ ಪಟ್ಟು ಬೇಕು. ಛಲೋ ವೈನರಿಯವರು ಹುದುಗಿಸೋ ಮೊದಲೇ ಟಾರ್ಟಾರಿಕ್ ಆಸಿಡ್ ಕೂಡಿಸಿ ಸರಿ ಮಾಡ್ತಾರ, ಅದರಾಗ ತಪ್ಪೇನಿಲ್ರಿ. ಆದ್ರ ಅಗ್ಗದ ಬಾಟಲಿ ಎರಡು ವರ್ಷದಾಗ ಕಂದು ತಿರುಗಿ ಸೊರಗಿತು ಅಂದ್ರ ಕಾರಣ ಇದೇ.

ಇಡಾಕ ಲಾಯಕ್ಕಾಗಿರೋ ನಾಕು ಹೆಸರು: ಅಕಲೂಜಿನ ಫ್ರಾಟೆಲ್ಲಿ ಸೆಟ್ಟೆ, ಅದು ಸ್ಯಾಂಜಿಯೊವೇಸೆ ಮತ್ತ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿ ಕೂಡಿಸಿದ್ದು. ನಂದಿ ಬೆಟ್ಟದ ಗ್ರೋವರ್ ಲಾ ರಿಸರ್ವ್, ಕ್ಯಾಬರ್ನೆ ಮತ್ತ ಶಿರಾಜ್. ಹಂಪಿ ಕಡೆಯ ಕೃಷ್ಮಾ ಕ್ಯಾಬರ್ನೆ. ನಾಸಿಕಿನ ಸುಲಾ ರಾಸಾ ಶಿರಾಜ್. ಫ್ರಿಜ್‌ನಾಗ ಇಟ್ರ ಕೊಯ್ಲಿನಿಂದ ಐದಾರು ವರ್ಷ, ಛಲೋ ವರ್ಷದ್ದಾದ್ರ ಎಂಟು. ಇದರ ಕೆಳಗಿನ ದರ್ಜೆದು ಏನೇ ಇದ್ರೂ ಮೂರು ವರ್ಷದೊಳಗ ಕುಡೀರಿ. ಬಾಟಲಿ ಮ್ಯಾಲೆ ‘ರಿಸರ್ವ್’ ಅಂತ ಬರದಿದ್ರ ಮರುಳಾಗಬ್ಯಾಡ್ರಿ. ನಮ್ಮ ದೇಶದಾಗ ಇಷ್ಟೇ ವರ್ಷ ಮರದ ಪೀಪಾಯಿಯಾಗ ಇರಬೇಕು ಅನ್ನೋ ಷರತ್ತು ಆ ಶಬ್ದಕ್ಕಿಲ್ಲ.

ಬಿರಡೆ:
ಎಂಟು ವರ್ಷ ಅನ್ನುವುದು ಉದಾರವಾಯಿತು. ರಾಸಾ ಶಿರಾಜ್‌ನ ಆಕರ್ಷಣೆ ಇರುವುದೇ ಹಣ್ಣಿನ ತುಂಬುತನದಲ್ಲಿ. ಕಾದರೆ ಸಿಗುವುದಕ್ಕಿಂತ ಕಳೆದುಕೊಳ್ಳುವುದು ಜಾಸ್ತಿ, ನಾಲ್ಕು ವರ್ಷಕ್ಕೆ ತೆಗೆಯಿರಿ. ಸೆಟ್ಟೆಯ ವಿಷಯದಲ್ಲಿ ಒಪ್ಪುತ್ತೇನೆ, ಸ್ಯಾಂಜಿಯೊವೇಸೆಗೆ ಹುಟ್ಟಿನಿಂದಲೇ ಹುಳಿ ಜಾಸ್ತಿ.

ದ್ರಾಕ್ಷಿ ಕಡ್ಡಿ, ಪುಣೆ:
ನಾಕು ಅಲ್ಲ, ಐದಕ್ಕ ರಾಜಿ ಆಗೋಣ.

ಮುಲುಂಡ್ ಮೂರನೇ ಮಹಡಿ:
ಹೆಸರು ಗೊತ್ತಿಲ್ಲದ ಬಾಟಲಿ ಎದುರಿಗಿದ್ದರೆ ಅದು ಇಡೋಕೆ ಯೋಗ್ಯವಾ ಅಂತ ಮನೆಯಲ್ಲೇ ಪರೀಕ್ಷೆ ಮಾಡೋ ದಾರಿ ಇದೆಯಾ?

ಬಿರಡೆ:
ಇದೆ. ಒಂದೇ ಬಾಟಲಿ ತಂದು ತೆಗೆಯಿರಿ. ಒಂದು ಲೋಟ ಕುಡಿದು ಎರಡು ವಿಷಯ ನೋಡಿ. ವಸಡಿನ ಮೇಲೆ ಹಸಿ ಅಡಿಕೆ ಅಗಿದ ಹಾಗೆ ಒಗರು ಹಿಡಿಯುತ್ತದೆಯೇ? ನಾಲಿಗೆಯ ಬದಿಯಲ್ಲಿ ಹುಳಿಗೆ ನೀರೂರುತ್ತದೆಯೇ? ಒಗರು ಮಾತ್ರ ಇದ್ದು ಹುಳಿ ಇಲ್ಲದಿದ್ದರೆ ಅದು ಒಣಗುತ್ತದೆಯೇ ಹೊರತು ಮಾಗುವುದಿಲ್ಲ. ಎರಡೂ ಇದ್ದು ಹಣ್ಣೇ ಇಲ್ಲದಿದ್ದರೂ ಅಷ್ಟೇ, ಇಲ್ಲದ ಹಣ್ಣು ಆಮೇಲೆ ಹುಟ್ಟುವುದಿಲ್ಲ.

ಉಳಿದ ವೈನ್‌ಗೆ ಬಿರಡೆ ಒತ್ತಿ ಫ್ರಿಜ್‌ನಲ್ಲಿಡಿ. ಮರುದಿನ ಒಂದು ಲೋಟ, ಮೂರನೇ ದಿನ ಒಂದು ಲೋಟ. ಮರುದಿನ ಮೊದಲಿಗಿಂತ ಚೆನ್ನಾಗಿದ್ದು ಮೂರನೇ ದಿನವೂ ನಿಂತಿದ್ದರೆ ಇನ್ನೂ ಐದು ಬಾಟಲಿ ಕೊಳ್ಳಬಹುದು. ಮರುದಿನವೇ ಚಪ್ಪೆ, ಅಥವಾ ಒಣ ಖರ್ಜೂರದ ವಾಸನೆ ಬಂದರೆ ಬೇಡ. ಇದು ಬಾಟಲಿಯೊಳಗಿನ ನಿಧಾನ ಮಾಗುವಿಕೆಯ ನಕಲಲ್ಲ, ಆಮ್ಲಜನಕವನ್ನು ತಡೆದುಕೊಳ್ಳುವ ಶಕ್ತಿಯ ಅಂದಾಜು ಮಾತ್ರ. ಆದರೂ ಅಂಗಡಿಯವರ ಮಾತಿಗಿಂತ ನಂಬಬಹುದು.

ತೆಗೆದ ಬಿರಡೆಯನ್ನು ಎಸೆಯುವ ಮೊದಲು ನೋಡಿ. 49 ಮಿಮೀ ಉದ್ದದ ಒಳ್ಳೆ ಕಾರ್ಕ್ ಹಾಕಿದವರು ವೈನ್ ಇಡಲಿ ಅಂತಲೇ ಹಾಕಿರುತ್ತಾರೆ. 38 ಮಿಮೀಯ ಪುಡಿ ಅಂಟಿಸಿದ ಕಾರ್ಕ್ ಇದ್ದರೆ ಬೇಗ ಕುಡಿಯಿರಿ ಅಂತ ಅರ್ಥ. ಡಿಯಾಮ್ ಅನ್ನುವ ಕಂಪನಿಯ ಕಾರ್ಕ್ ಆಗಿದ್ದರೆ ಅದರ ಮೇಲೆ 5, 10 ಹೀಗೆ ಅಂಕಿ ಅಚ್ಚಾಗಿರುತ್ತದೆ, ತಯಾರಕರು ಕಾರ್ಕ್‌ಗೆ ಕೊಡುವ ಬಾಳಿಕೆಯ ವರ್ಷ ಅದು. ಪ್ಲಾಸ್ಟಿಕ್ ಕಾರ್ಕ್ ಕಂಡರೆ ಎತ್ತಿಡುವ ಪಟ್ಟಿಯಿಂದ ತೆಗೆಯಿರಿ. ಸ್ಕ್ರೂ ಕ್ಯಾಪ್ ಬಗ್ಗೆ ಮೂಗು ಮುರಿಯಬೇಡಿ. ನಮ್ಮ ಹವೆಯಲ್ಲಿ ಅದೇ ಹೆಚ್ಚು ಭರವಸೆಯದು, ನಿಲ್ಲಿಸಿಯೂ ಇಡಬಹುದು.

ಪರ್ಮಿಟ್ ರೂಮ್:
ಆಮದು ವೈನಿನ ಲೆಕ್ಕ ಉಂಟಲ್ಲ, ಅದನ್ನು ಸರಿಯಾಗಿ ಬಿಡಿಸಿ ಹೇಳ್ಬೇಕು ಮಾರಾಯ್ರೆ. ಇಲ್ಲದಿದ್ರೆ ಜನ ತೆರಿಗೆಗೆ ದುಡ್ಡು ಕೊಟ್ಟು ವೈನಿಗೆ ಕೊಟ್ಟೆ ಅಂತ ತಿಳ್ಕೊಳ್ತಾರೆ.

ಡಾಲರಿಗೆ 85 ರೂಪಾಯಿ ಹಿಡಿಯಿರಿ. ಬಂದರಿಗೆ 16 ಡಾಲರಿಗೆ ಬಂದಿಳಿದ ಬಾಟಲಿ ಅಂದ್ರೆ 1,360 ರೂಪಾಯಿ. ಅದಕ್ಕೆ 150 ಶೇಕಡಾ ಕಸ್ಟಮ್ಸ್ ಬಿದ್ರೆ 2,040 ಸೇರಿ 3,400. ಇನ್ನು ರಾಜ್ಯದ ಎಕ್ಸೈಸ್, ಆಮದುದಾರನ ಪಾಲು, ಅಂಗಡಿ ಪಾಲು, ವ್ಯಾಟ್ ಎಲ್ಲ ಆಮೇಲೆ. ಈಗ ಆಸ್ಟ್ರೇಲಿಯಾದ ವೈನ್ ನೋಡಿ. 2022ರ ಡಿಸೆಂಬರ್ 29ಕ್ಕೆ ಜಾರಿಗೆ ಬಂದ ಒಪ್ಪಂದದಲ್ಲಿ 15 ಡಾಲರ್ ಮೇಲಿನ ಬಾಟಲಿಗೆ ಸುಂಕ ಒಮ್ಮೆಲೇ 75ಕ್ಕೆ ಇಳಿಯಿತು, ಹತ್ತು ವರ್ಷದಲ್ಲಿ 25ಕ್ಕೆ ಇಳಿಯುವ ಹಾಗೆ ಬರೆದಿದೆ. 5ರಿಂದ 15 ಡಾಲರಿನದ್ದಕ್ಕೆ ಮೊದಲು 100, ಕೊನೆಗೆ 50. ಐದು ಡಾಲರಿಗಿಂತ ಕೆಳಗಿನದ್ದಕ್ಕೆ ರಿಯಾಯಿತಿ ಇಲ್ಲ. 16 ಡಾಲರಿನ ಅದೇ ಬಾಟಲಿಗೆ ಶುರುವಿನ 75ರ ಲೆಕ್ಕದಲ್ಲಿ 2,380 ಆಯ್ತು. ಒಂದು ಸಾವಿರ ರೂಪಾಯಿ ಅಲ್ಲೇ ಉಳಿಯಿತು. ಅಂಗಡಿಯ ಎಂಆರ್‌ಪಿಯಲ್ಲಿ ಅಷ್ಟೂ ಇಳೀತದೆ ಅಂತ ಹೇಳುವ ಹಾಗಿಲ್ಲ, ನಡುವಿನವರೂ ಬದುಕಬೇಕಲ್ಲ. ಆದರೂ ಎತ್ತಿಡುವ ದರ್ಜೆಯ ಕೂನವಾರಾ ಕ್ಯಾಬರ್ನೆ, ಬರೋಸಾ ಶಿರಾಜ್ ಇವುಗಳಿಗೆ ಈಗ ಬೆಲೆ ಉಂಟು. ಹೆಚ್ಚಿನವು ಸ್ಕ್ರೂ ಕ್ಯಾಪ್, ಅದು ಇನ್ನೂ ಅನುಕೂಲ.

ಯುರೋಪಿನದ್ದೇ ಬೇಕಾದ್ರೆ ಬೋರ್ಡೋದ ದೊಡ್ಡ ಹೆಸರಿನ ಹಿಂದೆ ಹೋಗ್ಬೇಡಿ. ಅಲ್ಲಿ 2013ರಂಥ ಸೊರಗಿದ ವರ್ಷದ ಬಾಟಲಿಯೂ ಹೆಸರಿನ ಬಲದಲ್ಲಿ ಮಾರಾಟ ಆಗ್ತದೆ. ರಿಯೋಹಾ ತಗೊಳ್ಳಿ. ಸ್ಪೇನಿನ ಕಾನೂನೇ ನಿಮ್ಮ ಪರವಾಗಿ ಕಾದಿರ್ತದೆ. ಕ್ರಿಯಾಂಸಾ ಅಂದ್ರೆ ಎರಡು ವರ್ಷ, ಅದರಲ್ಲಿ ಒಂದು ಪೀಪಾಯಿಯಲ್ಲಿ. ರಿಸರ್ವಾ ಅಂದ್ರೆ ಮೂರು. ಗ್ರ್ಯಾನ್ ರಿಸರ್ವಾ ಅಂದ್ರೆ ಐದು, ಪೀಪಾಯಿಯಲ್ಲಿ ಎರಡಕ್ಕೆ ಕಡಿಮೆ ಇಲ್ಲ. ತಂಪು ನೆಲಮಾಳಿಗೆಯಲ್ಲಿ ಅವರೇ ಇಟ್ಟು, ಬಾಡಿಗೆ ಅವರೇ ಕಟ್ಟಿ, ಮಾಗಿದ್ದನ್ನು ನಿಮಗೆ ಕೊಡ್ತಾರೆ. ಮುಲುಂಡಿನ ಫ್ಲ್ಯಾಟಿನಲ್ಲಿರುವವರಿಗೆ ಇದಕ್ಕಿಂತ ದೊಡ್ಡ ಉಳಿತಾಯ ಇಲ್ಲ.

ಅದು ಬಿಟ್ರೆ ಇಟಲಿಯ ಕಿಯಾಂಟಿ ಕ್ಲಾಸಿಕೋ ರಿಸರ್ವಾ, ಪೋರ್ಚುಗಲ್ಲಿನ ದೌರೋ, ದಾವ್. ಫ್ರಾನ್ಸಿನ ಕಾವೋರ್ ಮತ್ತು ಮಾದಿರಾನ್ ಸಿಕ್ಕಿದ್ರೆ ಒಳ್ಳೆ ಬೆಲೆಗೆ ಸಿಗ್ತವೆ, ಆದ್ರೆ ಮಾದಿರಾನ್‌ನ ತನ್ನಾ ದ್ರಾಕ್ಷಿ ಒರಟು. ಐದು ವರ್ಷಕ್ಕೆ ಮೊದಲು ತೆಗೆದು ಬೈಬೇಡಿ.

ವಿದೇಶದಿಂದ ಬರುವಾಗ ಒಬ್ಬರಿಗೆ ಎರಡು ಲೀಟರ್ ತೆರಿಗೆ ಇಲ್ಲದೆ ತರಬಹುದು. 750ರದ್ದು ಎರಡೇ ಬಾಟಲಿ. ಆ ಎರಡನ್ನು ನಗರದಲ್ಲಿ ಸಿಗುವ ಅಗ್ಗದ್ದಕ್ಕೆ ಖರ್ಚು ಮಾಡ್ಬೇಡಿ. 150 ಶೇಕಡಾ ದೊಡ್ಡ ಮೊತ್ತಕ್ಕೆ ಬಿದ್ದಾಗಲೇ ಉಳಿತಾಯ ಕಾಣುವುದು.

ಮಡಗಾಂವ್ ಮಳೆ:
ಗೋವಾದಲ್ಲಿ ಬೆಲೆ ಕಡಿಮೆ ಅಂತ ಡಿಕ್ಕಿ ತುಂಬ ಹೇರಿಕೊಂಡು ಹೋಗುವವರಿಗೆ ಎರಡು ಮಾತು. ಪರವಾನಗಿ ಇಲ್ಲದೆ ಗೋವಾದ ಬಾಟಲಿ ಮಹಾರಾಷ್ಟ್ರಕ್ಕೆ ದಾಟಿಸಿದರೆ ಅಪರಾಧ, ಗಡಿಯಲ್ಲಿ ಎಕ್ಸೈಸ್ ತಪಾಸಣೆ ನಡೆಯುತ್ತದೆ. ಎರಡನೆಯದು, ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನ ಡಿಕ್ಕಿ ಐವತ್ತು ಡಿಗ್ರಿ ದಾಟುವುದು ಕಷ್ಟವಲ್ಲ. ಊಟಕ್ಕೆ ಇಳಿದು ಬರುವಷ್ಟರಲ್ಲಿ ಉಳಿಸಿದ ದುಡ್ಡು ಹೋಯಿತು.

ಅಂಗಡಿಯಲ್ಲಿ ನೋಡಬೇಕಾದ್ದು ಹೇಳುತ್ತೇನೆ, ಊರು ಯಾವುದಾದರೂ ಇದು ಒಂದೇ. ‘ವೈನ್ ಶಾಪ್’ ಬೋರ್ಡ್ ಇದ್ದಲ್ಲಿ ಖರ್ಚಾಗುವುದು ವಿಸ್ಕಿ, ಬಿಯರ್. ವೈನ್ ಮೇಲಿನ ಹಲಗೆಯಲ್ಲಿ ಟ್ಯೂಬ್‌ಲೈಟಿನ ಪಕ್ಕ ವರ್ಷಗಟ್ಟಲೆ ಕೂತಿರುತ್ತದೆ. ಎಸಿ ರಾತ್ರಿಯೂ ಓಡುತ್ತದೆಯೇ ಕೇಳಿ. ಬಾಟಲಿ ಕೈಗೆ ತೆಗೆದುಕೊಂಡು ಬಾಯಿಯ ಮೇಲೆ ಹೆಬ್ಬೆರಳು ಆಡಿಸಿ, ಬಿರಡೆ ಉಬ್ಬಿ ಕ್ಯಾಪ್ಸೂಲನ್ನು (ಬಾಯಿಗೆ ಹಾಕಿದ ತಗಡಿನ ಟೋಪಿ) ಎತ್ತಿದ್ದರೆ ಬೇಡ. ಕ್ಯಾಪ್ಸೂಲ್ ತಿರುಗಿಸಿ, ಅಂಟಿಕೊಂಡು ತಿರುಗದಿದ್ದರೆ, ಕೆಳಗೆ ಜಿಗುಟು ಇದ್ದರೆ ಸೋರಿದೆ ಅಂತ ಲೆಕ್ಕ. ಕೆಲವು ಕ್ಯಾಪ್ಸೂಲ್ ಹೊಸದರಲ್ಲೇ ಬಿಗಿಯಾಗಿರುತ್ತವೆ, ಹಾಗಾಗಿ ಇದೊಂದನ್ನೇ ನೆಚ್ಚಬೇಡಿ. ಬೆಳಕಿಗೆ ಹಿಡಿದು ಮಟ್ಟ ನೋಡಿ. ಐದು ವರ್ಷದೊಳಗಿನ ವೈನ್ ಕುತ್ತಿಗೆಯಲ್ಲೇ ನಿಂತಿರಬೇಕು, ಭುಜಕ್ಕೆ ಇಳಿದಿದ್ದರೆ ಬಿಟ್ಟುಬಿಡಿ. ಒಂದೇ ವೈನಿನ ನಾಲ್ಕು ಬಾಟಲಿ ಸಾಲಾಗಿ ನಿಲ್ಲಿಸಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಸಾಧ್ಯವಾದರೆ ಹಲಗೆಯದ್ದು ಬೇಡ, ಒಡೆಯದ ಪೆಟ್ಟಿಗೆಯದ್ದು ಕೊಡಿ ಅನ್ನಿ.

ಇಲ್ಲಿಯ ಸಿಹಿ ಪೋರ್ಟ್ ವೈನ್ ಬಗ್ಗೆಯೂ ಕೇಳುತ್ತಾರೆ. ಕ್ರಿಸ್‌ಮಸ್ ಕೇಕಿನ ಒಣಹಣ್ಣು ನೆನೆಹಾಕಲು ಚೆಂದ. ದೌರೋ ಕಣಿವೆಯ ವಿಂಟೇಜ್ ಪೋರ್ಟ್ ದಶಕಗಟ್ಟಲೆ ನಿಲ್ಲುತ್ತದೆ ಅಂತ ಇದನ್ನೂ ಕಪಾಟಿನಲ್ಲಿಟ್ಟು ಕಾಯುವುದರಲ್ಲಿ ಅರ್ಥವಿಲ್ಲ.

ಮುಲುಂಡ್ ಮೂರನೇ ಮಹಡಿ:
ಸರಿ, ಫ್ರಿಜ್ ಬೇಕು ಅಂತ ಒಪ್ಪಿದೆ. ಆದರೆ 18 ಬಾಟಲಿಯ ಕಂಪ್ರೆಸರ್ ಮಾದರಿಗೇ ಮೊದಲ ವರ್ಷದ ಬಜೆಟ್ ಹೋಗುತ್ತೆ. ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಅಗ್ಗ ಇದೆ, ಸದ್ದೂ ಇಲ್ಲವಂತೆ?

ಥಾಣೆ ಥರ್ಮೋಸ್ಟಾಟ್:
ಥರ್ಮೋಎಲೆಕ್ಟ್ರಿಕ್ ಬೇಡವೇ ಬೇಡ. ಅದು ಕೋಣೆಯ ಶಾಖಕ್ಕಿಂತ ಇಷ್ಟು ಡಿಗ್ರಿ ಕೆಳಗೆ ಅಂತ ಮಾತ್ರ ಇಳಿಸಬಲ್ಲದು, ಸಾಮಾನ್ಯ ಮಾದರಿಗಳಲ್ಲಿ 10–15. ಹಾಲ್ 34 ಇದ್ದರೆ ಒಳಗೆ 20–22, ಅದೂ ಫ್ಯಾನ್ ಇಪ್ಪತ್ತನಾಲ್ಕು ಗಂಟೆ ತಿರುಗಿ. ಡಿಸ್‌ಪ್ಲೇಯಲ್ಲಿ 14 ಅಂತ ಕಂಡರೂ ಅದು ನೀವು ಕೇಳಿದ ಅಂಕಿ, ಒಳಗಿನದ್ದಲ್ಲ.

ಅಗ್ಗದ ದಾರಿ ಹಳೇ ಸಿಂಗಲ್ ಡೋರ್ ಫ್ರಿಜ್. ಫ್ರಾಸ್ಟ್ ಫ್ರೀ ಬೇಡ, ಅದರ ಫ್ಯಾನ್ ತೇವ ಹೀರಿ ಕಾರ್ಕ್ ಒಣಗಿಸುತ್ತದೆ. ಡೈರೆಕ್ಟ್ ಕೂಲ್ ಬೇಕು, ಸೆಕೆಂಡ್ ಹ್ಯಾಂಡ್‌ನಲ್ಲಿ ಐದಾರು ಸಾವಿರದೊಳಗೆ ಹುಡುಕಿ. ಅದಕ್ಕೆ ಎಸ್‌ಟಿಸಿ-1000 ನಮೂನೆಯ ಡಿಜಿಟಲ್ ಕಂಟ್ರೋಲರ್ ಸೇರಿಸಿ.

ಫ್ರಿಜ್‌ನ ಸ್ವಂತ ನಾಬ್ ಪೂರ್ತಿ ಕೂಲ್ ಕಡೆ ತಿರುಗಿಸಿ, ಇನ್ನು ಕರೆಂಟ್ ಕೊಡೋದು ಬಿಡೋದು ಕಂಟ್ರೋಲರ್ ಕೆಲಸ. ಫ್ರಿಜ್‌ನ ಪ್ಲಗ್ ಕಂಟ್ರೋಲರಿನ ಕೂಲಿಂಗ್ ರಿಲೇ ಮೂಲಕ ಹೋಗಬೇಕು. 230 ವೋಲ್ಟಿನ ಮಾದರಿ ಅಂತ ಖಚಿತ ಮಾಡಿಕೊಳ್ಳಿ. ರಿಲೇ 10 ಆಂಪಿಯರ್‌ದು, ಮನೆ ಫ್ರಿಜ್‌ಗೆ ಧಾರಾಳ. ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ಅರ್ಥ್ ವೈರ್ ತುಂಡಾಗದೆ ನೇರ ಫ್ರಿಜ್ ತನಕ ಹೋಗಲಿ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಅರ್ಧ ಗಂಟೆ ಕೆಲಸ.

ಸೆಟ್ಟಿಂಗ್: 14 ಡಿಗ್ರಿ, ವ್ಯತ್ಯಾಸ 1 ಡಿಗ್ರಿ, ಕಂಪ್ರೆಸರ್ ವಿಳಂಬ 5 ನಿಮಿಷ. ವಿಳಂಬ ಮರೆತರೆ ಪದೇ ಪದೇ ಸ್ಟಾರ್ಟ್ ಆಗಿ ಕಂಪ್ರೆಸರ್ ಸಾಯುತ್ತದೆ. ಸೆನ್ಸರ್ ಗಾಳಿಯಲ್ಲಿ ನೇತಾಡಿದರೆ ಬಾಗಿಲು ತೆಗೆದಾಗಲೆಲ್ಲ ಮೋಸ ಹೋಗುತ್ತದೆ. ನಡುವಿನ ಹಲಗೆಯ ಒಂದು ಬಾಟಲಿಯ ಹೊಟ್ಟೆಗೆ ಟೇಪ್ ಹಾಕಿ ಅಂಟಿಸಿ ಮೇಲೊಂದು ಥರ್ಮಾಕೋಲ್ ತುಂಡು ಮುಚ್ಚಿ. ಫ್ರೀಜರ್ ಪಕ್ಕ, ಅದರ ಕೆಳಗಿನ ಮೊದಲ ಹಲಗೆ ಎರಡನ್ನೂ ಖಾಲಿ ಬಿಡಿ, ತಣ್ಣನೆ ಗಾಳಿ ಅಲ್ಲೇ ಬೀಳುತ್ತದೆ. ಒಂದು ಬಾಟಲಿ 1.2ರಿಂದ 1.5 ಕೆಜಿ, 18 ಅಂದರೆ 25 ಕೆಜಿ ಹತ್ತಿರ. ಗಾಜಿನ ಹಲಗೆ ತೆಗೆದು 12 ಮಿಮೀ ಪ್ಲೈವುಡ್ ಹಾಕಿ, ಭಾರ ಗೋಡೆಯ ಗೀರಿಗೆ ಬೀಳದೆ ಕೆಳಗಿಟ್ಟ ಕಾಲುಗಳ ಮೇಲೆ ಕೂರಬೇಕು. ಹಿಂದೆ ಹತ್ತು ಸೆಂಟಿಮೀಟರ್ ಗಾಳಿಗೆ ಜಾಗ.

ಕರೆಂಟ್ ಹೋದರೆ ಗಾಬರಿ ಬೇಡ. ತುಂಬಿದ ಫ್ರಿಜ್‌ನ ವೈನ್ ಬಿಸಿಯಾಗಲು ಗಂಟೆಗಳು ಬೇಕು. ಬಾಗಿಲು ಮಾತ್ರ ತೆಗೆಯಬೇಡಿ.

ದ್ರಾಕ್ಷಿ ಕಡ್ಡಿ, ಪುಣೆ:
ಪುಣೆದವ್ರಿಗೆ ಒಂದ್ ಮಾತು. ಇಲ್ಲಿ ಚಳಿಗಾಲದ ರಾತ್ರಿ 12 ಡಿಗ್ರಿ ಇರ್ತದ, ಥರ್ಮಾಕೋಲ್ ಪೆಟ್ಟಿಗಿಯಾಗ ಇಟ್ರ ನಡೀತದ ಅಂತ ಭಾಳ ಮಂದಿ ಅಂತಾರ. ಪೆಟ್ಟಿಗಿ ಹಗಲು–ರಾತ್ರಿ ಏರಿಳಿತ ತಡೀತದ, ಸರಾಸರಿ ಇಳಸೂದಿಲ್ಲ. ಏಪ್ರಿಲ್‌ನಾಗ 38 ಆದಾಗ ಅದೂ ಕೈ ಚೆಲ್ತದ. ಮತ್ತ ಇಲ್ಲಿ ಬ್ಯಾಸಗಿ ಒಣಾ. ಫ್ರಿಜ್‌ನಾಗ ಒಂದು ಬಟ್ಟಲು ನೀರು ಇಡ್ರಿ. ಮುಂಬೈಯವ್ರು ಅದನ್ನ ಮಾಡಬ್ಯಾಡ್ರಿ, ಬೂಸ್ಟ್ ಬರ್ತದ.

ಮುಲುಂಡ್ ಮೂರನೇ ಮಹಡಿ:
ಹಾಗಾದ್ರೆ 25,000ವನ್ನು ಹೇಗೆ ಹಂಚೋದು? ಯಾರಾದರೂ ಒಬ್ಬರು ಅಂಕಿ ಸಮೇತ ಹೇಳಿ.

ಬಿರಡೆ:
ಮೊದಲ ವರ್ಷ: ಹಳೇ ಫ್ರಿಜ್, ಕಂಟ್ರೋಲರ್, ಪ್ಲೈವುಡ್, ಕೂಲಿ ಸೇರಿ 8,000 ಮೀಸಲಿಡಿ. ಉಳಿದ 17,000ದಲ್ಲಿ ಎತ್ತಿಡಲು ಎರಡೇ ಬಗೆ, ತಲಾ ಮೂರು ಬಾಟಲಿ, ಒಂದಕ್ಕೆ 2,000 ಮೀರದಂತೆ, ಅದು 12,000. ಆರು ಬೇರೆ ಬೇರೆ ಬಾಟಲಿ ಕೊಳ್ಳುವುದು ಸಂಗ್ರಹದ ಹುಚ್ಚು. ಒಂದೇ ವೈನಿನ ಮೂರು ಇದ್ದರೆ ಒಂದನ್ನು ಎರಡನೇ ವರ್ಷ, ಇನ್ನೊಂದನ್ನು ನಾಲ್ಕನೇ ವರ್ಷ ತೆಗೆದು ಮೂರನೆಯದನ್ನು ಕಾಯಿಸಬೇಕೋ ಬೇಡವೋ ತೀರ್ಮಾನಿಸಬಹುದು. ಉಳಿದ 5,000ಕ್ಕೆ ಸಾವಿರದ ಆಸುಪಾಸಿನ ನಾಸಿಕ್ ಶಿರಾಜ್, ಬೇಕಾದಾಗ ಒಂದೊಂದೇ ತನ್ನಿ. ಮಹಾರಾಷ್ಟ್ರದಲ್ಲಿ ಕೂತು ದಿನಬಳಕೆಗೆ ಆಮದು ವೈನ್ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ದಂಡ. ಆ ಬೆಲೆಯ ಆಮದು ಬಾಟಲಿಯೊಳಗೆ ವೈನಿನ ಪಾಲು ತೀರಾ ಕಡಿಮೆ.

ಎರಡನೇ ವರ್ಷದಿಂದ ಫ್ರಿಜ್‌ನ ಖರ್ಚಿಲ್ಲ. ಆ ದುಡ್ಡು ರಿಯೋಹಾ ರಿಸರ್ವಾಕ್ಕೂ ಒಂದು ಆಸ್ಟ್ರೇಲಿಯಾ ಕ್ಯಾಬರ್ನೆಗೂ ಹೋಗಲಿ.

ಬಿಲ್ ಎಲ್ಲ ಇಟ್ಟುಕೊಳ್ಳಿ. ಮಹಾರಾಷ್ಟ್ರದಲ್ಲಿ ಮನೆಯಲ್ಲಿ ಇಟ್ಟುಕೊಳ್ಳಲೂ ಪರ್ಮಿಟ್ ಬೇಕು, ಮಿತಿಯೂ ಇದೆ.

ಪರ್ಮಿಟ್ ರೂಮ್:
ಕುಡಿಯುವ ಶಾಖ ಯಾರೂ ಹೇಳಲಿಲ್ಲ. ‘ರೂಮ್ ಟೆಂಪರೇಚರ್’ ಅಂತ 30 ಡಿಗ್ರಿಯಲ್ಲಿ ಬಡಿಸಿದ್ರೆ ಎಂಥಾ ವೈನೂ ಸ್ಪಿರಿಟ್ ವಾಸನೆ ಹೊಡೀತದೆ. 16ರಿಂದ 18 ಬೇಕು. ಹೊರಗಿಟ್ಟ ಬಾಟಲಿ ಆದ್ರೆ ಊಟಕ್ಕೆ ಮೊದಲು ಒಂದೂವರೆ ಗಂಟೆ ಅಡಿಗೆ ಮನೆ ಫ್ರಿಜ್‌ನಲ್ಲಿ. 14ರಲ್ಲಿಟ್ಟದ್ದಾದ್ರೆ ತೆಗೆದು ಕಾಲು ಗಂಟೆ ಹೊರಗೆ. ಹಳೇ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಷ್ಟು ತಳಕ್ಕೆ ಇಳೀಲಿ.

ಮುಲುಂಡ್ ಮೂರನೇ ಮಹಡಿ:
ಕೊನೇ ಪ್ರಶ್ನೆ. ಮಳೆಗಾಲದಲ್ಲಿ ಫ್ರಿಜ್ ಒಳಗೂ ಲೇಬಲ್‌ಗೆ ಬೂಸ್ಟ್ ಹಿಡಿಯುತ್ತೆ ಅಂತಾರೆ. ಒಳಗಿನ ವೈನ್‌ಗೆ ಏನಾದರೂ ಆಗುತ್ತಾ?

ಮಡಗಾಂವ್ ಮಳೆ:
ವೈನ್‌ಗೆ ಏನೂ ಆಗುವುದಿಲ್ಲ, ಬಿರಡೆಯ ಹೊರತುದಿಗೆ ಬೂಸ್ಟ್ ಬಂದಿದ್ದರೂ ಒರೆಸಿ ತೆಗೆಯಿರಿ. ಲೇಬಲ್ ಬೇಕಿದ್ದರೆ ಬಾಟಲಿಗೆ ಅಡಿಗೆ ಮನೆಯ ಕ್ಲಿಂಗ್ ಫಿಲ್ಮ್ ಒಂದೇ ಸುತ್ತು ಸುತ್ತಿ, ಸುತ್ತುವ ಮೊದಲು ಬಾಟಲಿ ಪೂರ್ತಿ ಒಣಗಿರಬೇಕು. ಬಾಗಿಲಿನ ರಬ್ಬರ್ ಪಟ್ಟಿಯಲ್ಲಿ ನೀರು ನಿಲ್ಲುತ್ತಿದ್ದರೆ ಪಟ್ಟಿ ಸಡಿಲವಾಗಿದೆ. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಜೂನ್‌ಗೆ ಮೊದಲೇ ಪಟ್ಟಿ ಬದಲಾಯಿಸಿ. ಸಂಖ್ಯೆ ಮತ್ತು ಕೊಂಡ ತಿಂಗಳನ್ನು ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.